ತಲೆ ದೊರೆಯದ ಹ್ಯಾಡ್ರೋಸಾರಸ್

ಗತಕಾಲದ ದೈತ್ಯ ಪ್ರಾಣಿಗಳಾದ ಡೈನೋಸಾರ್‌ಗಳಲ್ಲಿ ಬಾತುಕೋಳಿಯ ಕೊಕ್ಕನ್ನು ಹೋಲುವ ಮೂತಿಯುಳ್ಳ ಒಂದು ದೊಡ್ಡ ಪಂಗಡವುಂಟು. ಮುಂದಕ್ಕೆ ಚಾಚಿಕೊಂಡ, ಹಲ್ಲಿಲ್ಲದ ಚಪ್ಪಟೆ ಮೂತಿ. ಅದರ ಹಿಂದೆ ದವಡೆಗಳಲ್ಲಿ ಒತ್ತೊತ್ತಾಗಿ ಜೋಡಿಸಿದಂತಿರುವ ನೂರಾರು ಹಲ್ಲುಗಳು. ಕೆಲವು ಜಾತಿಗಳಿಗೆ ನೆತ್ತಿಯ ಮೇಲೆ ಎಲುಬಿನ ಕಿರೀಟ. ಇವು ಈ ಪಂಗಡವನ್ನು ಗುರುತಿಸುವ ಲಕ್ಷಣಗಳು. ಕ್ರಿಟೇಷಸ್ ಯುಗದ ಉತ್ತರಾರ್ಧದಲ್ಲಿ, ಎಂದರೆ ಡೈನೋಸಾರ್‌ಗಳ ಆಳ್ವಿಕೆಯ ಕೊನೆಯ ಭಾಗದಲ್ಲಿ, ಉತ್ತರ ಅಮೆರಿಕ, ಏಷ್ಯ, ಯೂರೋಪುಗಳಲ್ಲಿ ಇವು ಅಪಾರ ಸಂಖ್ಯೆಯಲ್ಲಿದ್ದುವು. ಪ್ರಾಣಿಶಾಸ್ತ್ರಜ್ಞರು ಈ ಪಂಗಡವನ್ನು ಹ್ಯಾಡ್ರೋಸಾರಿಡೀ ಕುಟುಂಬವೆಂದು ಕರೆಯುತ್ತಾರೆ.

ಮೇಲೆ ಹೇಳಿದ ಲಕ್ಷಣಗಳೆಲ್ಲವೂ ತಲೆಗೆ ಸಂಬಂಧಿಸಿದುವು ಎಂಬುದನ್ನು ಓದುಗರು ಗಮನಿಸಿರಬಹುದು. ಆದರೆ ಯಾವ ಪ್ರಾಣಿಯ ಹೆಸರನ್ನು ಇಡೀ ಕುಟುಂಬಕ್ಕೆ ಇಟ್ಟಿದ್ದಾರೆಯೋ ಆ ಹ್ಯಾಡ್ರೋಸಾರಸ್ಸಿನ ತಲೆಬುರುಡೆಯನ್ನು ಇದುವರೆಗೆ ಯಾರೂ ಕಂಡಿಲ್ಲ! ದವಡೆಯ ಕೆಲವು ಚೂರುಗಳು, ಒಂದಿಷ್ಟು ಬಿಡಿ ಹಲ್ಲುಗಳು, ಇಷ್ಟೇ ನಮಗೆ ಅದರ ತಲೆಯ ವಿಷಯದಲ್ಲಿ ದೊರೆತಿರುವ ಸಾಕ್ಷ್ಯ. ಹೀಗಿದ್ದೂ ಈ ಪ್ರಾಣಿ ಡೈನೋಸಾರ್‌ಗಳ ಅಧ್ಯಯನಕ್ಕೆ ಹೊಸ ದಾರಿಯನ್ನು ತೋರಿಸಿತು. ಅಪೂರ್ಣವಾದ ಅವಶೇಷದಿಂದ ಎಷ್ಟನ್ನು ತಿಳಿಯಬಹುದು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ನಮಗೆ ತೋರುವುದಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಕರಾವಳಿಯಲ್ಲಿ ನ್ಯೂ ಜರ್ಸಿ ಎಂಬ ಸಂಸ್ಥಾನವಿದೆ. ಅಲ್ಲಿನ ರೈತರು ಹತ್ತೊಂಬತ್ತನೆಯ ಶತಮಾನದಲ್ಲಿ ಮಾರ್ಲ್ ಎಂಬ ಒಂದು ಬಗೆಯ ಮಣ್ಣನ್ನು ನೆಲದಿಂದ ಅಗೆದು ತೆಗೆದು ಹೊಲಗಳಿಗೆ ಹಾಕುತ್ತಿದ್ದರು. ನಮ್ಮ ರೈತರು ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುವುದಿಲ್ಲವೆ, ಹಾಗೆಯೇ ಇದೂ ಸಹ. ಫಿಲಡೆಲ್ಫಿಯ ನಗರಕ್ಕೆ ಸಮೀಪದ ಹ್ಯಾಡನ್‌ಫೀಲ್ಡ್ ಎಂಬ ಊರಿನಲ್ಲಿ ಜಾನ್ ಹಾಪ್ಕಿನ್ಸ್ ಎಂಬಾತನ ಜಮೀನಿನಲ್ಲಿ 1838ರ ಸುಮಾರಿಗೆ ಹೀಗೆ ಮಾರ್ಲ್ ತೆಗೆಯುತ್ತಿದ್ದಾಗ ಗುದ್ದಲಿಗೆ ದೊಡ್ಡ ದೊಡ್ಡ ಎಲುಬುಗಳು ತಗುಲಿದುವು. ಅವುಗಳಲ್ಲಿ ಬೆನ್ನುಮೂಳೆಯ ಮಣಿಗಳೇ ಹೆಚ್ಚು. ಹಾಪ್ಕಿನ್ಸ್ ಅವನ್ನು ಮನೆಯಲ್ಲಿ ವಿಚಿತ್ರ ವಸ್ತುಗಳಾಗಿ ಇಟ್ಟುಕೊಂಡಿದ್ದನು. ಮನೆಗೆ ಬಂದ ನೆಂಟರಿಷ್ಟರು ಒಂದೊಂದನ್ನಾಗಿ ಕೇಳಿ ತೆಗೆದುಕೊಂಡು ಹೋದರು. ಯಾರು ಯಾವುದನ್ನು ಒಯ್ದರೆಂಬುದು ಕೊನೆಗೆ ಯಜಮಾನನಿಗೂ ನೆನಪಿರಲಿಲ್ಲ. ಬಾಗಿಲು ತೆರೆದುಕೊಳ್ಳದಂತೆ ಆನಿಸಿಡಲು ಇಂಥ ಕಲ್ಲು ಬಹಳ ಅನುಕೂಲವೆಂದು ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಇಪ್ಪತ್ತು ವರ್ಷಗಳು ಕಳೆದುವು. 1858ರ ಬೇಸಗೆಯಲ್ಲಿ ಫಿಲಡೆಲ್ಫಿಯದ ವಿಲಿಯಂ ಪಾರ್ಕರ್ ಫೌಲ್ಕ್ ಎಂಬ ವಕೀಲನು ಹ್ಯಾಡನ್‌ಫೀಲ್ಡಿನಲ್ಲಿ ತಂಗಿದ್ದನು. ಸೆರೆಮನೆಗಳ ಸುಧಾರಣೆಗಾಗಿ ದುಡಿದವನೆಂದು ಹೆಸರಾಗಿದ್ದ ಈತನಿಗೆ ಭೂಶಾಸ್ತ್ರವು ಹವ್ಯಾಸವಾಗಿದ್ದಿತು. ನೆರೆಯ ಹಾಪ್ಕಿನ್ಸನಿಂದ ಹಳೆಯ ಎಲುಬುಗಳ ವೃತ್ತಾಂತವನ್ನು ಕೇಳಿದ ಕೂಡಲೆ ಆತನು ಸುಮ್ಮನೆ ಕುಳಿತಿರಲಿಲ್ಲ. ಅನುಮತಿಯನ್ನು ಪಡೆದು, ಕೂಲಿಯಾಳುಗಳನ್ನು ಗೊತ್ತುಮಾಡಿ, ಗಿಡಗಂಟಿಗಳಿಂದ ಮುಚ್ಚಿಹೋಗಿದ್ದ ಹಳೆಯ ಗುಂಡಿಯನ್ನು ಹುಡುಕಿಸಿ ಅದರ ಅಂಚಿನಲ್ಲಿ ಮತ್ತೆ ಅಗೆಸಿದನು. ಸುಮಾರು 10 ಅಡಿ ಆಳದಲ್ಲಿ ಎಲುಬುಗಳು ಕಾಣಿಸಿಕೊಂಡುವು. ಕಬ್ಬಿಣದ ಅಂಶವನ್ನು ಹೀರಿಕೊಂಡು ಅವು ಕರಿಮರದಂತೆ ಕಪ್ಪಾಗಿಯೂ ಭಾರವಾಗಿಯೂ ಇದ್ದುವು.

ಫೌಲ್ಕ್ ಕರೆಸಿಕೊಂಡ ವಿದ್ವಾಂಸನು ಜೋಸೆಫ್ ಲೈಡಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ. ಪ್ರಾಣಿಪ್ರಪಂಚದಲ್ಲಿ ಆತನ ದೃಷ್ಟಿಗೆ ಬೀಳದ ವಸ್ತುವೇ ಇರಲಿಲ್ಲ. ಹಂದಿಯ ಮಾಂಸದಲ್ಲಿ ಟ್ರೈಕಿನ ಎಂಬ ಸೂಕ್ಷ್ಮವಾದ ಪರೋಪಜೀವಿ ಹುಳುವಿರುವುದನ್ನು 1846ರಲ್ಲಿ ಮೊದಲು ಕಂಡವನೂ ಈತನೇ. ಹ್ಯಾಡನ್‌ಫೀಲ್ಡಿನ ಗುಂಡಿಯಿಂದ ಆತನ ಕೈಗೆ ಬಂದುದು ಏನು? ಎಡಗಡೆಯ ತೊಡೆಯೆಲುಬು, ಮೊಣಕಾಲಿನ ಕೆಳಗಿನ ಎರಡು ಎಲುಬುಗಳು, ಪಾದದ ಒಂದೆರಡು ಎಲುಬುಗಳು, ಮುಂಗಾಲಿನ ತೋಳೆಲುಬು ಮತ್ತು ಮುಂಗೈಯ ಎರಡು ಎಲುಬುಗಳು, ಸೊಂಟದ ಕೆಲವು ಎಲುಬುಗಳು, ಬೆನ್ನಿನ ಮತ್ತು ಬಾಲದ ಹಲವು ಮಣಿಗಳು, ದವಡೆಯ ತುಂಡುಗಳು, ಕೆಲವು ಹಲ್ಲುಗಳು. ಇಂದಿನ ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವ ಪೂರ್ಣ ಅಸ್ಥಿಪಂಜರಗಳನ್ನು ನೋಡಿದವರಿಗೆ ಇದು ಬಡವಾದ ಸಂಪತ್ತೆಂದು ತೋರಬಹುದು. ಆದರೆ ಅಂದಿಗೆ ಜಗತ್ತಿನಲ್ಲಿ ದೊರೆತಿದ್ದ ಡೈನೋಸಾರ್ ಅಸ್ಥಿಪಂಜರಗಳಲ್ಲಿ ಹೆಚ್ಚು ಪೂರ್ಣವಾಗಿದ್ದುವುಗಳಲ್ಲಿ ಇದೂ ಒಂದಾಗಿದ್ದಿತು.

ಆ ಕಾಲದ ಪರಿಸ್ಥಿತಿಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಡೈನೋಸಾರ್ ಎಂಬ ಪದಕ್ಕೆ ಆಗಿನ್ನೂ ಹದಿನಾರೇ ವರ್ಷ. ಇಂಗ್ಲೆಂಡಿನ ರಿಚರ್ಡ್ ಓವೆನ್ 1842ರಲ್ಲಿ ಮೆಗಲೋಸಾರಸ್, ಇಗ್ವಾನೊಡಾನ್, ಹೈಲಿಯೋಸಾರಸ್ ಎಂಬ ಮೂರು ಪ್ರಾಣಿಗಳ ತುಂಡು ಎಲುಬುಗಳನ್ನು ಒಟ್ಟಿಗೆ ಇಟ್ಟು ನೋಡಿ ಆ ಪದವನ್ನು ಸೃಷ್ಟಿಸಿದ್ದನು. ಅವು ನಾಲ್ಕು ಕಾಲುಗಳ ಮೇಲೆ ನಡೆಯುವ, ಘೇಂಡಾಮೃಗದಂತೆ ದಪ್ಪ ಮೈಯ ಪ್ರಾಣಿಗಳೆಂಬುದು ಆತನ ಅಭಿಪ್ರಾಯ. 1854ರಲ್ಲಿ ಲಂಡನ್ನಿನ ಹೊರವಲಯದ ಸಿಡ್‌ನಮ್ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಈ ಅಭಿಪ್ರಾಯಕ್ಕೆ ತಕ್ಕಂತೆ ಭಾರಿ ಪ್ರತಿಮೆಗಳನ್ನು ನಿರ್ಮಿಸಿ ನಿಲ್ಲಿಸಿದ್ದನು. ಅವು ಇಂದಿಗೂ ಅಲ್ಲಿವೆ. ಅಲ್ಲಿನ ಇಗ್ವಾನೊಡಾನಿಗೆ ಮೂಗಿನ ಮೇಲೆ ಒಂದು ಕೊಂಬೂ ಉಂಟು.

ಅಮೆರಿಕದಲ್ಲಿ ದೊರೆತಿದ್ದ ಸಾಕ್ಷ್ಯವು ಇನ್ನೂ ಅಲ್ಪ. ಪಶ್ಚಿಮದ ಜೂಡಿತ್ ನದಿಯ ಪ್ರದೇಶದಿಂದ ಅನ್ವೇಷಕನೊಬ್ಬನು ತಂದುಕೊಟ್ಟ ಬಿಡಿ ಹಲ್ಲುಗಳನ್ನು ಪರೀಕ್ಷಿಸಿ ಲೈಡಿ 1856ರಲ್ಲಿ ಟ್ರಾಕೊಡಾನ್ ಮೊದಲಾದ ಕೆಲವು ಹೆಸರುಗಳನ್ನು ಕೊಟ್ಟಿದ್ದನು. ಹಲ್ಲಿನ ಹೊರತು ಮತ್ತೇನೂ ಇಲ್ಲದ ಪ್ರಾಣಿಗಳು ಅವು.

ಈಗ ಹ್ಯಾಡನ್‌ಫೀಲ್ಡಿನ ಎಲುಬುಗಳಿಂದ ಲೈಡಿ ತರ್ಕಿಸಿದ ಬಗೆಯನ್ನು ನೋಡೋಣ. ಮೊದಲು ಹಲ್ಲು. ಅದು ಮಾಂಸವನ್ನು ಸೀಳುವ ಬಾಕುವಿನಂತಿರಲಿಲ್ಲ. ಎಲೆಯಾಕಾರದ ಹಲ್ಲಿನ ಮೇಲೆ ನಡುವೆ ಒಂದು ಏಣು; ತುದಿಯು ಉಜ್ಜಿ ಸವೆದು ಮಟ್ಟಸವಾಗಿದೆ. ಇಂಥ ಸವೆತ ಸಸ್ಯಗಳನ್ನು ಅರೆದು ತಿನ್ನುವ ಪ್ರಾಣಿಗೇ ಸಹಜ. ಇಂಗ್ಲೆಂಡಿನ ಇಗ್ವಾನೊಡಾನಿನ ಹಲ್ಲಿಗೂ ಇದಕ್ಕೂ ಹೋಲಿಕೆ ಸ್ಪಷ್ಟವಾಗಿದ್ದಿತು. ಆದುದರಿಂದ ಇದು ಸಸ್ಯಾಹಾರಿ, ಇಗ್ವಾನೊಡಾನಿನ ಬಂಧು. ಇಷ್ಟಕ್ಕೆ ಪೂರ್ಣ ತಲೆಬುರುಡೆ ಬೇಕಾಗಲಿಲ್ಲ.

ಎರಡನೆಯದು ಕಾಲುಗಳ ಲೆಕ್ಕ. ತೊಡೆಯೆಲುಬು ಸುಮಾರು ಒಂದು ಮೀಟರಿನಷ್ಟು ಉದ್ದ. ಮುಂಗಾಲಿನ ತೋಳೆಲುಬಾದರೋ ಅದರ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಗಾತ್ರದಲ್ಲಿಯೂ ಬಹಳ ತೆಳು. ಆನೆಯ ಅಥವಾ ಘೇಂಡಾಮೃಗದ ಮುಂಗಾಲು ಹಿಂಗಾಲುಗಳಲ್ಲಿ ಇಂಥ ಅಂತರವಿಲ್ಲ. ಏಕೆಂದರೆ ದೇಹದ ಭಾರವನ್ನು ನಾಲ್ಕು ಕಂಬಗಳೂ ಹೊರಬೇಕು. ಒಂದು ಮನೆಯ ಹಿಂದಿನ ಕಂಬಗಳು ಹೆಬ್ಬಂಡೆಯಂತೆ, ಮುಂದಿನವು ಬಿದಿರಿನ ಗಳಗಳಂತೆ ಇದ್ದರೆ ಮಾಡಿನ ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ಯಾರಾದರೂ ಹೇಳಬಹುದು. ಓವೆನ್ನನ ಘೇಂಡಾಮೃಗದಂಥ ಡೈನೋಸಾರ್ ಈ ಎಲುಬುಗಳಿಗೆ ಹೊಂದುವಂತಿರಲಿಲ್ಲ. ಈ ಪ್ರಾಣಿಯು ಹಿಂಗಾಲುಗಳ ಮೇಲೂ ಬಾಲದ ಮೇಲೂ ಭಾರ ಹಾಕಿ ಕಾಂಗರೂವಿನಂತೆ ಅರೆ ನಿಂತ ಭಂಗಿಯಲ್ಲಿದ್ದು ಮರಗಳ ಎಲೆಗಳನ್ನು ಮೇಯುತ್ತಿದ್ದಿರಬೇಕೆಂದು ಲೈಡಿ ಊಹಿಸಿದನು. ಬಾಲದ ವಿಷಯದಲ್ಲಿ ಆತನ ಊಹೆ ನಿಲ್ಲಲಿಲ್ಲ. ಆದರೆ ಡೈನೋಸಾರ್‌ಗಳೆಲ್ಲ ಚತುಷ್ಪಾದಿಗಳೆಂಬ ನಂಬಿಕೆಯು ಹ್ಯಾಡನ್‌ಫೀಲ್ಡಿನ ಈ ಎರಡು ಎಲುಬುಗಳ ಅಳತೆಯಿಂದಲೇ ಮೊದಲ ಬಾರಿಗೆ ಅಲುಗಾಡಿತು.

ಎಲುಬು ಒಂದು ಕಲ್ಲಿನ ತುಂಡಲ್ಲ. ಅದರ ಕೊನೆಯಲ್ಲಿರುವ ಗುಂಡು, ಕುಳಿ, ಜಾಡುಗಳು ಕೀಲು ಯಾವ ದಿಕ್ಕಿಗೆ ಎಷ್ಟು ತಿರುಗುತ್ತಿತ್ತು ಎಂಬುದನ್ನು ತಿಳಿಸುತ್ತವೆ. ಮೇಲ್ಮೈಯ ಏಣುಗಳೂ ಒರಟು ಗುರುತುಗಳೂ ಸ್ನಾಯುಗಳು ಅಂಟಿಕೊಂಡಿದ್ದ ಸ್ಥಳಗಳು. ಏಣು ದೊಡ್ಡದಾದಷ್ಟೂ ಸ್ನಾಯು ಬಲವಾದುದು. ಅಂಗರಚನೆಯನ್ನು ಬಲ್ಲವನ ಕೈಗೆ ಎಡತೊಡೆಯ ಎಲುಬು ಸಿಕ್ಕಿದರೆ ಬಲತೊಡೆಯ ಎಲುಬೂ ಸಿಕ್ಕಿದಂತೆಯೇ. ಕನ್ನಡಿಯಲ್ಲಿ ನೋಡಿಕೊಂಡರೆ ಸಾಕು. ಬಾಲದ ಹತ್ತಾರು ಮಣಿಗಳಿದ್ದರೆ, ಅವು ಹಿಂದಕ್ಕೆ ಹೋದಂತೆ ಕಿರಿದಾಗುವ ಕ್ರಮದಿಂದ ನಡುವೆ ಕಳೆದುಹೋದ ಮಣಿಗಳ ಗಾತ್ರವನ್ನೂ ಅಂದಾಜು ಮಾಡಬಹುದು. ಈ ಬಗೆಯ ಲೆಕ್ಕದಿಂದ ಲೈಡಿ ಪ್ರಾಣಿಯ ಉದ್ದವನ್ನು ಸುಮಾರು 25 ಅಡಿ ಎಂದು ಎಣಿಸಿದನು. ಇಂದಿನ ವಿದ್ವಾಂಸರು ಹೇಳುವ 7ರಿಂದ 8 ಮೀಟರಿನ ಅಂದಾಜಿಗೆ ಇದು ಎಷ್ಟು ಸಮೀಪವೆಂಬುದನ್ನು ನೋಡಿರಿ. ಆದರೆ ಎಡಗಡೆಯಿಂದ ಬಲಗಡೆಯನ್ನು ಊಹಿಸಿದಂತೆ ಕಾಲಿನಿಂದ ತಲೆಯನ್ನು ಊಹಿಸಲು ಬರುವುದಿಲ್ಲ. ಮುಖದ ಉದ್ದ, ಮೂಗಿನ ಏರು, ನೆತ್ತಿಯ ಕಿರೀಟ ಇವುಗಳ ಸುಳಿವು ತೊಡೆಯಲ್ಲಿ ಇರುವುದಿಲ್ಲ.

ಇನ್ನೊಂದು ವಿಚಿತ್ರವನ್ನೂ ಲೈಡಿ ಗಮನಿಸಿದನು. ಎಲುಬುಗಳಿದ್ದ ಸ್ತರದಲ್ಲಿ ಕಡಲ ಚಿಪ್ಪುಗಳು ಧಾರಾಳವಾಗಿ ಸಿಕ್ಕುತ್ತಿದ್ದುವು. ಆ ಜೇಡಿಮಣ್ಣು ಸಮುದ್ರದ ತಳದಲ್ಲಿ ನಿಂತ ಹೂಳು. ನೆಲದ ಪ್ರಾಣಿ ಅಲ್ಲಿಗೆ ಹೇಗೆ ಬಂದಿತು? ಸತ್ತ ಪ್ರಾಣಿಯ ಒಡಲು ಉಬ್ಬಿ ನದಿಯಲ್ಲಿ ತೇಲುತ್ತ ಸಮುದ್ರವನ್ನು ಸೇರಿರಬೇಕು ಎಂಬುದು ಆತನ ವಿವರಣೆ. ಇಂದಿಗೂ ಅದನ್ನೇ ಒಪ್ಪುತ್ತಾರೆ. ಹೊಳೆಯ ಪ್ರವಾಹದಲ್ಲಿ ತೇಲಿಹೋಗುವ ದನದ ಹೆಣವನ್ನು ಕಂಡವರಿಗೆ ಇದು ಹೊಸದಲ್ಲ. ಒಡಲು ಕೊಳೆಯುತ್ತ ಸಾಗಿದಂತೆ ಸಡಿಲವಾದ ಭಾಗಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಕೆಳದವಡೆಯೂ ತಲೆಯೂ ಮೊದಲು ಕಳಚುವ ಭಾಗಗಳಲ್ಲಿ ಸೇರಿವೆ. ತೊಡೆ, ಸೊಂಟ, ಬಾಲಗಳು ದಪ್ಪ ಸ್ನಾಯುಗಳ ಕಟ್ಟಿನಿಂದ ಹೆಚ್ಚು ಕಾಲ ಒಟ್ಟಿಗಿರುತ್ತವೆ. ನಮ್ಮ ಪ್ರಾಣಿಗೆ ತಲೆ ಏಕೆ ಇಲ್ಲ ಎಂಬುದಕ್ಕೆ ಇದೇ ಉತ್ತರವಿರಬಹುದು.

ಆ ಸಮುದ್ರತೀರದ ನಾಡೂ ಇಂದಿನ ಅಮೆರಿಕವಾಗಿರಲಿಲ್ಲ. ಸುಮಾರು 8 ಕೋಟಿ ವರ್ಷಗಳ ಹಿಂದೆ, ಉತ್ತರದ ಹಿಮಸಾಗರದಿಂದ ದಕ್ಷಿಣದ ಮೆಕ್ಸಿಕೊ ಕೊಲ್ಲಿಯವರೆಗೆ ಒಂದು ಆಳವಿಲ್ಲದ ಸಮುದ್ರ ಹರಡಿಕೊಂಡು ಉತ್ತರ ಅಮೆರಿಕವನ್ನು ಎರಡು ಹೋಳಾಗಿ ಮಾಡಿದ್ದಿತು. ಪಶ್ಚಿಮದ ಹೋಳನ್ನು ಲಾರಮಿಡಿಯ ಎಂದೂ ಪೂರ್ವದ ಹೋಳನ್ನು ಅಪಲೇಚಿಯ ಎಂದೂ ಭೂಶಾಸ್ತ್ರಜ್ಞರು ಕರೆಯುತ್ತಾರೆ. ಪಶ್ಚಿಮದಲ್ಲಿ ಏರುತ್ತಿದ್ದ ಪರ್ವತಗಳಿಂದ ಇಳಿದ ಹೊಳೆಗಳು ಬಯಲಿನಲ್ಲಿ ದಪ್ಪವಾಗಿ ಮೆಕ್ಕಲನ್ನು ಹಾಸುತ್ತಿದ್ದುವು; ಸತ್ತ ಪ್ರಾಣಿಗಳು ಬೇಗ ಹೂತುಹೋಗಿ ಇಡಿಯಾಗಿ ಉಳಿದುಕೊಂಡುವು. ಪೂರ್ವದ ಹೋಳಿಗೆ ಅಂಥ ಭಾಗ್ಯವಿರಲಿಲ್ಲ. ಅಲ್ಲಿನ ಡೈನೋಸಾರ್‌ಗಳ ಬಹುಪಾಲು ಅವಶೇಷಗಳು ಕಡಲ ಹೂಳಿನಲ್ಲಿ ಚೂರುಚೂರಾಗಿಯೇ ದೊರೆಯುತ್ತವೆ. ಹ್ಯಾಡ್ರೋಸಾರಸ್ ಈ ಪೂರ್ವನಾಡಿನ ನಿವಾಸಿ.

1858ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯದ ಅಕಾಡೆಮಿ ಆಫ್ ನ್ಯಾಚುರಲ್ ಸೈನ್ಸಸ್ ಸಂಸ್ಥೆಯ ಸಭೆಯಲ್ಲಿ ಲೈಡಿ ತನ್ನ ನಿರ್ಣಯಗಳನ್ನು ತಿಳಿಸಿದನು. ಹ್ಯಾಡ್ರೋಸಾರಸ್ ಎಂದರೆ ಗ್ರೀಕಿನಲ್ಲಿ ದಪ್ಪನಾದ ಹಲ್ಲಿ. ಫೌಲ್ಕನ ಗೌರವಾರ್ಥವಾಗಿ ಜಾತಿಗೆ ಫೌಲ್ಕೀ ಎಂಬ ಹೆಸರು. ಅಮೆರಿಕದ ಅಂತರ್ಯುದ್ಧದ ಕಾರಣದಿಂದ ಸಚಿತ್ರವಾದ ಪೂರ್ಣ ವಿವರಣೆಯು ಹೊರಬರುವುದು 1865ರವರೆಗೆ ತಡವಾಯಿತು. ಲೈಡಿ ಹಲವು ಮಾತುಗಳನ್ನು ಊಹೆಯೆಂದೇ ಹೇಳಿದನೆಂಬುದು, ಇಲ್ಲದ ತಲೆಯನ್ನು ಬರೆಯಲು ಹೋಗಲಿಲ್ಲವೆಂಬುದು, ನಮ್ಮ ದೃಷ್ಟಿಯಲ್ಲಿ ಆತನ ಪಾಂಡಿತ್ಯಕ್ಕಿಂತ ಕಡಮೆಯ ಗುಣವಲ್ಲ.

ತಲೆಯನ್ನು ಕೊಡುವ ಕೆಲಸ ಶಿಲ್ಪಿಯ ಪಾಲಿಗೆ ಬಂದಿತು. ಸಿಡ್‌ನಮ್ ಉದ್ಯಾನದ ಅದೇ ಹಾಕಿನ್ಸ್ 1868ರಲ್ಲಿ ಅಮೆರಿಕಕ್ಕೆ ಬಂದನು. ನ್ಯೂ ಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರಾಚೀನ ಪ್ರಾಣಿಗಳ ಒಂದು ದೊಡ್ಡ ಪ್ರದರ್ಶನವನ್ನು ನಿರ್ಮಿಸುವ ಕಾರ್ಯ ಆತನಿಗೆ ವಹಿಸಲ್ಪಟ್ಟಿದ್ದಿತು. ಅದಕ್ಕಾಗಿ ಎಲುಬುಗಳನ್ನು ಅಭ್ಯಾಸಮಾಡಲು ಫಿಲಡೆಲ್ಫಿಯಕ್ಕೆ ಬಂದವನು, ಲೈಡಿಯ ಸಹಕಾರದೊಡನೆ ಹ್ಯಾಡ್ರೋಸಾರಸ್ಸಿನ ಎಲುಬುಗಳನ್ನು ಕಬ್ಬಿಣದ ಚೌಕಟ್ಟಿಗೆ ಜೋಡಿಸಿ, ಇಲ್ಲದ ಭಾಗಗಳನ್ನೆಲ್ಲ ಪ್ಲಾಸ್ಟರಿನಲ್ಲಿ ಮಾಡಿ ನಿಲ್ಲಿಸಿದನು. ಜಗತ್ತಿನಲ್ಲಿ ಡೈನೋಸಾರಿನ ಅಸ್ಥಿಪಂಜರವನ್ನು ಎತ್ತಿ ನಿಲ್ಲಿಸಿ ಸಾರ್ವಜನಿಕರಿಗೆ ತೋರಿಸಿದುದು ಇದೇ ಮೊದಲು. ಹಿಂಗಾಲುಗಳೆರಡು, ಬಾಲವೊಂದು, ಹೀಗೆ ಮುಕ್ಕಾಲಿ ಪೀಠದಂತೆ ನಿಂತ ಆ ಭಂಗಿ ಲೈಡಿಯ ಕಾಂಗರೂವಿನ ಮಾತನ್ನು ಅನುಸರಿಸಿತ್ತು. ತಲೆ? ದಕ್ಷಿಣ ಅಮೆರಿಕದ ಕಾಡುಗಳ ಇಗ್ವಾನ ಎಂಬ ದೊಡ್ಡ ಓತಿಯ ತಲೆಯನ್ನು ಮಾದರಿಯಾಗಿಟ್ಟುಕೊಂಡು ಹಾಕಿನ್ಸ್ ಅದನ್ನು ತಾನೇ ಸೃಷ್ಟಿಸಿದನು. ಹಲ್ಲು ಇಗ್ವಾನೊಡಾನನ್ನು ಹೋಲುತ್ತದೆ, ಇಗ್ವಾನೊಡಾನಿನ ಹಲ್ಲು ಇಗ್ವಾನದ ಹಲ್ಲನ್ನು ಹೋಲುತ್ತದೆ, ಆದುದರಿಂದ ತಲೆಯೂ ಇಗ್ವಾನದಂತೆಯೇ ಇರಬೇಕು! ತರ್ಕದ ಮೊದಲ ಎರಡು ಮೆಟ್ಟಿಲು ಗಟ್ಟಿಯಾದುವು, ಮೂರನೆಯದು ಗಾಳಿಯಲ್ಲಿದೆ.

ಜನರು ಇದನ್ನೆಲ್ಲ ಎಣಿಸಲಿಲ್ಲ. ಅಕಾಡೆಮಿಗೆ ಹಿಂದೆಂದೂ ಬರದಷ್ಟು ಪ್ರೇಕ್ಷಕರು ನುಗ್ಗಿದರು. 1876ರಲ್ಲಿ ಸಂಸ್ಥೆಯು ಹೆಚ್ಚು ವಿಶಾಲವಾದ ಕಟ್ಟಡಕ್ಕೆ ಸ್ಥಳಾಂತರವಾಗುವುದಕ್ಕೆ ಈ ಜನಸಂದಣಿಯೂ ಒಂದು ಕಾರಣ. ಅಸ್ಥಿಪಂಜರದ ಪ್ಲಾಸ್ಟರ್ ಪ್ರತಿಗಳು ಅಮೆರಿಕದ ಬೇರೆ ನಗರಗಳಿಗೂ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರಕ್ಕೂ ಹೋದುವು. ಹೋದಲ್ಲೆಲ್ಲ ಹಾಕಿನ್ಸನ ಕಲ್ಪನೆಯ ತಲೆಯೂ ಹೋಯಿತು. ಸೆಂಟ್ರಲ್ ಪಾರ್ಕಿನ ಯೋಜನೆ ಮಾತ್ರ ದುರಂತವಾಯಿತು. ನಗರದ ರಾಜಕೀಯದಲ್ಲಿ ಅಧಿಕಾರ ಬದಲಾದುದರಿಂದ ಅದನ್ನು ರದ್ದುಮಾಡಿದರು. 1871ರಲ್ಲಿ ಶಿಲ್ಪಿಯ ಕಾರ್ಯಾಗಾರಕ್ಕೆ ಆಳುಗಳು ನುಗ್ಗಿ ಮಾದರಿಗಳನ್ನೂ ಅಚ್ಚುಗಳನ್ನೂ ಸುತ್ತಿಗೆಯಿಂದ ಒಡೆದು ಪುಡಿಮಾಡಿದರು. ಕೋಟ್ಯಂತರ ವರ್ಷ ನೆಲದಲ್ಲಿ ಉಳಿದ ಪ್ರಾಣಿಗಳ ಪ್ರತಿರೂಪಗಳು ನಗರದಲ್ಲಿ ಮೂರು ವರ್ಷ ಉಳಿಯಲಿಲ್ಲ.

ಹ್ಯಾಡ್ರೋಸಾರಸ್ಸಿನ ಬಂಧುಗಳ ನಿಜವಾದ ಮುಖ ಪಶ್ಚಿಮದಿಂದ ಬಂದಿತು. ಡಕೋಟ ಪ್ರದೇಶದಲ್ಲಿ 1882ರಲ್ಲಿ ತಲೆಬುರುಡೆಯೊಡನೆ ಒಂದು ಉತ್ತಮ ಅಸ್ಥಿಪಂಜರ ದೊರೆತು, ಲೈಡಿಯ ಶಿಷ್ಯನಾಗಿದ್ದ ಎಡ್ವರ್ಡ್ ಡ್ರಿಂಕರ್ ಕೋಪ್ ಅದರ ವರ್ಣನೆಯನ್ನು ಮರುವರ್ಷ ಪ್ರಕಟಿಸಿದನು. ಇಗ್ವಾನದ ಮೊಂಡು ತಲೆಯೆಲ್ಲಿ, ಇದೆಲ್ಲಿ! ಉದ್ದವಾದ ಮುಖ ಮುಂದೆ ಹೋದಂತೆ ಅಗಲವಾಗಿ ಚಪ್ಪಟೆಯಾಗಿ ಬಾತಿನ ಕೊಕ್ಕಿನಂತೆ ಕೊನೆಗೊಳ್ಳುತ್ತಿತ್ತು. ಇಂದು ಎಡ್ಮಂಟೋಸಾರಸ್ ಎಂದು ಕರೆಯಲ್ಪಡುವ ಪ್ರಾಣಿ ಇದು. 1908ರಲ್ಲಿ ವಯೋಮಿಂಗ್ ಸಂಸ್ಥಾನದಲ್ಲಿ ಪಳೆಯುಳಿಕೆಗಳ ಸಂಗ್ರಾಹಕನಾದ ಚಾರ್ಲ್ಸ್ ಸ್ಟರ್ನ್‌ಬರ್ಗ್ ಮತ್ತು ಅವನ ಮಕ್ಕಳು ಇನ್ನೂ ಆಶ್ಚರ್ಯಕರವಾದುದನ್ನು ಕಂಡರು: ಚರ್ಮದ ಅಚ್ಚು ಮೈಮೇಲೆಲ್ಲ ಉಳಿದಿದ್ದ, ಅಂಗಾತ ಮಲಗಿದ್ದ ಎಡ್ಮಂಟೋಸಾರಸ್. ಸಣ್ಣ ಸಣ್ಣ ಬಹುಭುಜಾಕೃತಿಯ ಬಿಲ್ಲೆಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದಂಥ ಚರ್ಮ ಅದು. ನ್ಯೂ ಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಂದೂ ನೋಡಬಹುದು.

ಆದರೆ ಪೂರ್ಣ ಸಾಕ್ಷ್ಯ ದೊರೆತ ಮಾತ್ರಕ್ಕೆ ಸರಿಯಾದ ಅರ್ಥವೂ ದೊರೆಯುತ್ತದೆಂಬ ಭರವಸೆಯಿಲ್ಲ. ಆ ಪ್ರಾಣಿಯ ಕೈಬೆರಳುಗಳ ಸುತ್ತ ಚರ್ಮವಿದ್ದುದನ್ನು ಕಂಡು, ಅದು ಈಜುವ ಹಕ್ಕಿಗಳ ಜಾಲಪಾದದಂಥದು ಎಂದು 1912ರಲ್ಲಿ ಹೆನ್ರಿ ಆಸ್ಬಾರ್ನ್ ವಿವರಿಸಿದನು. ಬಾತಿನ ಕೊಕ್ಕು, ಬಾತಿನ ಪಾದ. ಇನ್ನು ಬಾತಿನಂತೆ ನೀರಿನಲ್ಲಿಯೇ ಬಾಳುತ್ತಿದ್ದಿರಬೇಕು! ಮೆತ್ತನೆಯ ನೀರುಗಿಡಗಳನ್ನು ತಿನ್ನುತ್ತ ಕೆಸರಿನಲ್ಲಿ ಕಾಲ ಕಳೆಯುವ ಪ್ರಾಣಿಯಾಗಿ ಇದನ್ನು ಅರ್ಧ ಶತಮಾನ ಪುಸ್ತಕಗಳಲ್ಲಿ ಚಿತ್ರಿಸಿದರು. ಒಂದು ಹೋಲಿಕೆಯ ಹೆಸರು ಪ್ರಾಣಿಯ ಜೀವನವನ್ನೇ ನಿರ್ಣಯಿಸಿಬಿಟ್ಟಿತು. 1964ರಲ್ಲಿ ಜಾನ್ ಆಸ್ಟ್ರಮ್ ಈ ಕಲ್ಪನೆಯನ್ನು ಪ್ರಶ್ನಿಸಿದನು. ಆತನ ವಾದದ ಮುಖ್ಯ ಆಧಾರ ಮತ್ತೆ ಹಲ್ಲು. ಈ ಪ್ರಾಣಿಗಳ ದವಡೆಯಲ್ಲಿ ಹಲ್ಲುಗಳು ಒಂದರ ಕೆಳಗೊಂದು ಕಂಬಗಳಂತೆ ನಿಂತು, ಕಂಬಗಳೆಲ್ಲ ಸೇರಿ ಒಂದೇ ಬೀಸುವ ಕಲ್ಲಿನಂತಾಗಿದ್ದುವು. ಮೇಲಿನ ಹಲ್ಲು ಸವೆದು ಹೋದರೆ ಕೆಳಗಿನದು ಮೇಲೆ ಬರುತ್ತಿದ್ದಿತು. ಮೆತ್ತನೆಯ ಪಾಚಿಯನ್ನು ನುಂಗುವುದಕ್ಕೆ ಇಷ್ಟೊಂದು ಸಿದ್ಧತೆ ಏಕೆ? ಒರಟಾದ ಎಲೆ, ಕಡ್ಡಿ, ಸೂಚೀಪರ್ಣ ಮರಗಳ ಚಿಗುರುಗಳನ್ನು ಅರೆಯುವ ನೆಲದ ಪ್ರಾಣಿಗೇ ಇದು ತಕ್ಕುದು. ಬೆರಳುಗಳ ನಡುವಣ ಚರ್ಮವೂ ನಡೆಯುವ ಪಾದದ ಮೆತ್ತೆಯ ಅವಶೇಷವೆಂದು ಆಮೇಲೆ ತಿಳಿಯಿತು. 2012ರಲ್ಲಿ ನಡೆದ ಪರೀಕ್ಷೆಯಲ್ಲಿ ಈ ಹಲ್ಲುಗಳಲ್ಲಿ ಗಡಸುತನದಲ್ಲಿ ಭಿನ್ನವಾದ ಆರು ಬಗೆಯ ಊತಕಗಳಿವೆಯೆಂದು ಕಂಡುಬಂದಿದೆ. ಮೆದುವಾದುದು ಬೇಗ ಸವೆದು ಗಟ್ಟಿಯಾದುದು ಏಣಾಗಿ ನಿಲ್ಲುವುದರಿಂದ ಹಲ್ಲು ಸವೆಯುತ್ತಲೇ ಒರಟಾಗಿ ಉಳಿಯುತ್ತಿದ್ದಿತು. ನಾವು ಬೀಸುವ ಕಲ್ಲಿಗೆ ಆಗಾಗ ಮುಳ್ಳು ಹಾಕಿಸಬೇಕಾಗುತ್ತದೆ. ಇದಕ್ಕೆ ಆ ತೊಂದರೆಯಿರಲಿಲ್ಲ.

ಕಾಂಗರೂ ಭಂಗಿಯ ಕಥೆಯೂ ಹೀಗೆಯೇ ಮುಗಿಯಿತು. ಈ ಪಂಗಡದ ಪೂರ್ಣ ಅಸ್ಥಿಪಂಜರಗಳಲ್ಲಿ ಬೆನ್ನಿನ ಮತ್ತು ಬಾಲದ ಉದ್ದಕ್ಕೂ ಸ್ನಾಯುರಜ್ಜುಗಳು ಎಲುಬಾಗಿ ಪರಿವರ್ತನೆಗೊಂಡು ಚಾಪೆಯ ಹೆಣಿಗೆಯಂತೆ ಬೆನ್ನುಮೂಳೆಯನ್ನು ಬಿಗಿದಿವೆ. ಇಂಥ ಬಾಲವನ್ನು ನೆಲಕ್ಕೆ ಬಗ್ಗಿಸಿ ಮೂರನೆಯ ಕಾಲಾಗಿ ಮಾಡುವುದು ಸಾಧ್ಯವಿಲ್ಲ. ಅದು ನೆಟ್ಟಗೆ ಹಿಂದಕ್ಕೆ ಚಾಚಿ, ಮುಂದಿನ ಮೈಗೆ ಸಮತೂಕವಾಗಿ ನಿಲ್ಲುತ್ತಿದ್ದಿತು. ಬೆನ್ನು ನೆಲಕ್ಕೆ ಸಮಾನಾಂತರ. ಮೇಯುವಾಗ, ನಿಧಾನವಾಗಿ ನಡೆಯುವಾಗ ಪ್ರಾಣಿ ಮುಂಗಾಲುಗಳನ್ನೂ ನೆಲಕ್ಕೆ ಊರುತ್ತಿದ್ದಿತು. ಅದರ ಹೆಜ್ಜೆಗುರುತುಗಳಲ್ಲಿ ಕೈಯ ಗುರುತೂ ಉಂಟು.

ಈ ತಿಳಿವಳಿಕೆಯೆಲ್ಲ ಪಶ್ಚಿಮದ ಬಂಧುಗಳಿಂದ ಬಂದುದು. ಬಂಧುಗಳ ಸಂಪತ್ತು ಬೆಳೆದಂತೆ ಹ್ಯಾಡನ್‌ಫೀಲ್ಡಿನ ಬಡ ಎಲುಬುಗಳಿಗೆ ಅನಿರೀಕ್ಷಿತವಾದ ಅಪಾಯ ಒದಗಿತು. ಪ್ರಾಣಿಶಾಸ್ತ್ರದ ಪದ್ಧತಿಯಂತೆ, ಒಂದು ಜಾತಿಗೆ ಹೆಸರಿಡುವಾಗ ಯಾವುದಾದರೂ ಒಂದು ಮಾದರಿಯನ್ನು ಆ ಹೆಸರಿಗೆ ಕಟ್ಟಿಹಾಕುತ್ತಾರೆ. ಬೇರೆ ಅವಶೇಷಗಳು ಆ ಜಾತಿಗೆ ಸೇರಿವೆಯೋ ಇಲ್ಲವೋ ಎಂಬುದನ್ನು ಆ ಮಾದರಿಯೊಡನೆ ಹೋಲಿಸಿಯೇ ನಿರ್ಧರಿಸಬೇಕು. ಆ ಮಾದರಿಯಲ್ಲಿ ತನ್ನ ಜಾತಿಗೇ ಮೀಸಲಾದ ಗುರುತು ಒಂದೂ ಇಲ್ಲದಿದ್ದರೆ ಹೆಸರು ಸಂದಿಗ್ಧವಾಗುತ್ತದೆ, ಅದನ್ನು ಬದಿಗಿಡಬೇಕಾಗುತ್ತದೆ. ಲೈಡಿಯ ಟ್ರಾಕೊಡಾನಿನ ಗತಿ ಇದೇ ಆಯಿತು. ಬಹುಕಾಲ ಪುಸ್ತಕಗಳಲ್ಲಿ ಮೆರೆದ ಆ ಹೆಸರು, ಬಿಡಿ ಹಲ್ಲುಗಳಿಂದ ಜಾತಿಯನ್ನು ಗುರುತಿಸಲಾಗದೆಂದು ತಿಳಿದ ಮೇಲೆ ಮರೆಗೆ ಸರಿಯಿತು.

ನಮ್ಮ ದೇಶದಲ್ಲಿಯೂ ಇದಕ್ಕೆ ಒಂದು ನಿದರ್ಶನವಿದೆ. ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ 1828ರಲ್ಲಿ ಸ್ಲೀಮನ್ ಎಂಬ ಅಧಿಕಾರಿ ಸಂಗ್ರಹಿಸಿದ ಬಾಲದ ಮಣಿಗಳ ಆಧಾರದ ಮೇಲೆ ಲೈಡೆಕರ್ 1877ರಲ್ಲಿ ಟೈಟನೋಸಾರಸ್ ಇಂಡಿಕಸ್ ಎಂಬ ಡೈನೋಸಾರನ್ನು ಹೆಸರಿಸಿದನು. ಅಂದು ಅಪೂರ್ವವೆನಿಸಿದ ಆ ಮಣಿಗಳ ಆಕಾರವು ಕಾಲಕ್ರಮದಲ್ಲಿ ಹಲವು ದೇಶಗಳ ಹಲವು ಜಾತಿಗಳಲ್ಲಿ ಕಂಡುಬಂದುದರಿಂದ, 2003ರಲ್ಲಿ ಆ ಹೆಸರನ್ನು ಸಂದಿಗ್ಧವೆಂದು ತೀರ್ಮಾನಿಸಿದರು. ಟೈಟನೋಸಾರ್ ಎಂಬ ದೊಡ್ಡ ಗುಂಪಿಗೆ ಆ ಹೆಸರೇ ಮೂಲವೆಂಬುದನ್ನು ಮರೆಯಬಾರದು.

ಹ್ಯಾಡ್ರೋಸಾರಸ್ಸಿನ ಸರದಿ 2006ರಲ್ಲಿ ಬಂದಿತು. ಆಲ್ಬರ್ಟ್ ಪ್ರಿಯೆಟೊ-ಮಾರ್ಕೆಸ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಫಿಲಡೆಲ್ಫಿಯದ ಎಲುಬುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳಲ್ಲಿ ಈ ಜಾತಿಯನ್ನು ಬೇರೆಯಾಗಿ ಗುರುತಿಸುವ ಲಕ್ಷಣ ಒಂದೂ ಇಲ್ಲವೆಂದರು. ಇದು ಒಂದು ಪ್ರಾಣಿಯ ಹೆಸರಿನ ಪ್ರಶ್ನೆ ಮಾತ್ರವಾಗಿರಲಿಲ್ಲ. 1869ರಲ್ಲಿ ಕೋಪ್ ಸ್ಥಾಪಿಸಿದ ಹ್ಯಾಡ್ರೋಸಾರಿಡೀ ಕುಟುಂಬದ ಹೆಸರು ನಿಂತಿರುವುದೇ ಈ ಎಲುಬುಗಳ ಮೇಲೆ. ತಾಯಿಬೇರೇ ಸಂದಿಗ್ಧವಾದರೆ ಕೊಂಬೆಗಳ ಪಾಡೇನು? ಐದು ವರ್ಷಗಳ ಮೇಲೆ, 2011ರಲ್ಲಿ, ಅದೇ ಪ್ರಿಯೆಟೊ-ಮಾರ್ಕೆಸ್ ಇನ್ನೂ ಹೆಚ್ಚಿನ ಜಾತಿಗಳೊಡನೆ ಹೋಲಿಸಿ ನೋಡಿ ತಮ್ಮ ತೀರ್ಪನ್ನು ತಾವೇ ಬದಲಾಯಿಸಿದರು. ತೋಳಿನ ಮತ್ತು ಸೊಂಟದ ಎಲುಬುಗಳ ಒಂದೊಂದು ಲಕ್ಷಣವೂ ಬೇರೆ ಕಡೆ ಕಾಣುತ್ತದೆ, ನಿಜ; ಆದರೆ ಆ ಲಕ್ಷಣಗಳ ಕೂಟ ಒಟ್ಟಾಗಿ ಬೇರಾವ ಪ್ರಾಣಿಯಲ್ಲಿಯೂ ಕಾಣುವುದಿಲ್ಲ. ಒಂದೇ ಮೂಗು, ಒಂದೇ ಕಿವಿ ಊರಿನಲ್ಲಿ ಹತ್ತು ಜನಕ್ಕೆ ಇರಬಹುದು. ಎಲ್ಲವೂ ಸೇರಿದ ಮುಖ ಒಬ್ಬನದೇ. ಹೀಗೆ ಹೆಸರು ಉಳಿಯಿತು.

ಅವರ ವರ್ಗೀಕರಣದಿಂದ ಇನ್ನೊಂದು ವಿಷಯವೂ ಹೊರಟಿತು. ಬಾತುಮೂತಿಯ ಡೈನೋಸಾರ್‌ಗಳಲ್ಲಿ ಎರಡು ದೊಡ್ಡ ಶಾಖೆಗಳಿವೆ. ಒಂದರಲ್ಲಿ ತಲೆಯ ಮೇಲೆ ಟೊಳ್ಳಾದ ಕಿರೀಟವಿದ್ದು, ಉಸಿರಿನ ನಾಳ ಅದರೊಳಗೆ ಸುತ್ತಿಕೊಂಡು ಹೋಗುತ್ತದೆ. ಇನ್ನೊಂದರಲ್ಲಿ ಕಿರೀಟ ಗಟ್ಟಿಯಾದುದು, ಇಲ್ಲವೆ ಕಿರೀಟವೇ ಇಲ್ಲ. ಹ್ಯಾಡ್ರೋಸಾರಸ್ ಈ ಎರಡು ಶಾಖೆಗಳೂ ಕವಲೊಡೆಯುವುದಕ್ಕೆ ಮುಂಚೆಯೇ ಬೇರೆಯಾದ ವಂಶಕ್ಕೆ ಸೇರಿದುದಾಗಿ ತೋರುತ್ತದೆ. ಹಾಗಿದ್ದರೆ ಅದಕ್ಕೆ ಟೊಳ್ಳು ಕಿರೀಟ ಇದ್ದಿರಲಾರದು ಎಂದು ಎಣಿಸಬಹುದು. ಕೆಲವು ಚಿತ್ರಕಾರರ ಹ್ಯಾಡ್ರೋಸಾರಸ್ಸಿಗೆ ಗಿಳಿಯ ಕೊಕ್ಕಿನಂತೆ ಉಬ್ಬಿದ ಮೂಗಿರುತ್ತದೆ; ಅದು ಕೆನಡದ ಗ್ರಿಪೋಸಾರಸ್ ಎಂಬ ಬಂಧುವಿನಿಂದ ಎರವಲು ತಂದ ಮೂಗು. ಹಾಕಿನ್ಸನ ಓತಿಯ ತಲೆಗಿಂತ ಇದು ನಂಬಲು ಅರ್ಹವಾದರೂ ಎರವಲು ಎರವಲೇ.

ನ್ಯೂ ಜರ್ಸಿಯು 1991ರಲ್ಲಿ ಹ್ಯಾಡ್ರೋಸಾರಸ್ಸನ್ನು ತನ್ನ ಸಂಸ್ಥಾನದ ಡೈನೋಸಾರ್ ಎಂದು ಘೋಷಿಸಿತು. 1994ರಲ್ಲಿ ಫೌಲ್ಕನು ಅಗೆಸಿದ ಸ್ಥಳಕ್ಕೆ ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂಬ ಮಾನ್ಯತೆ ದೊರೆಯಿತು. ಊರಿನ ಮಧ್ಯದಲ್ಲಿ 2003ರಿಂದ ಅದರ ಕಂಚಿನ ಪ್ರತಿಮೆಯೊಂದು ನಿಂತಿದೆ. ಪ್ರತಿಮೆಗೆ ತಲೆಯನ್ನು ಕೊಡಲೇಬೇಕಾಯಿತು. ಎಲುಬುಗಳು ಮಾತ್ರ ಇಂದಿಗೂ ಫಿಲಡೆಲ್ಫಿಯದ ಅಕಾಡೆಮಿಯ ಸಂಗ್ರಹದಲ್ಲಿ ತಲೆಯಿಲ್ಲದೆಯೇ ಇವೆ. ಪೂರ್ವ ಕರಾವಳಿಯ ಕಡಲಹೂಳಿನಲ್ಲಿ ಎಂದಾದರೊಂದು ದಿನ ಬುರುಡೆಯೊಂದು ದೊರೆತರೆ, ಅದು ಹ್ಯಾಡ್ರೋಸಾರಸ್ಸಿನದೆಂದು ಹೇಳಲು ಅದರ ಜೊತೆಯಲ್ಲಿ ತೋಳಿನ ಅಥವಾ ಸೊಂಟದ ಎಲುಬೂ ಇರಬೇಕಾಗುತ್ತದೆ; ಲೈಡಿಯ ಮಾದರಿಯೊಡನೆ ಹೋಲಿಸಲು ಬರುವುದು ಆ ಎಲುಬುಗಳನ್ನು ಮಾತ್ರ.